ಕೇಳಿ ನೋಡಿ ಕೊಳ್ಳುವ ಹವ್ಯಾಸ

ಹೆಡ್‌ಫೋನ್ ಹವ್ಯಾಸಿಗಳು ಸಂಗೀತವನ್ನು ಕೇಳುವುದರ ಜೊತೆಗೆ, ಅದನ್ನು ಕೇಳಿಸುತ್ತಿರುವ ಸಾಧನಕ್ಕೂ ಕಿವಿಗೊಡುತ್ತಾರೆ. ಒಂದೇ ಹಾಡನ್ನು ಎರಡು ಹೆಡ್‌ಫೋನ್‌ಗಳಲ್ಲಿ ಹಾಕಿ, ಒಂದರಲ್ಲಿ ಗಾಯಕರ ದನಿ ಮುಂದೆ ಬಂದದ್ದೇಕೆ, ಇನ್ನೊಂದರಲ್ಲಿ ಪಿಟೀಲು ಕಿವಿಗೆ ಚುಚ್ಚಿದ್ದೇಕೆ ಎಂದು ವಿಚಾರ ಮಾಡುವುದು ಅವರಿಗೆ ಹಾಡಿನಷ್ಟೇ ಇಷ್ಟದ ಕೆಲಸ. ಹಿಂದೆ ಇಂಥ ಅಭಿರುಚಿ ಇದ್ದವರು ದೊಡ್ಡ ಸ್ಪೀಕರು, ಆಂಪ್ಲಿಫೈಯರುಗಳ ಮೊರೆ ಹೋಗಬೇಕಿತ್ತು. ಅದಕ್ಕೊಂದು ಕೋಣೆ ಬೇಕು. ಆ ಕೋಣೆಯ ಗೋಡೆ, ಪರದೆ, ಕಿಟಕಿಗಳೆಲ್ಲ ದನಿಯ ಮೇಲೆ ತಮ್ಮ ಕೈಚಳಕ ತೋರಿಸುತ್ತವೆ. ಪಕ್ಕದ ಮನೆಯವರ ಸಹನೆಯೂ ಬೇಕು. ಹೆಡ್‌ಫೋನಿಗೆ ಇವುಗಳ ಹಂಗಿಲ್ಲ. ಬಾಡಿಗೆ ಮನೆಯ ಮೂಲೆಯಲ್ಲಿ, ರಾತ್ರಿ ಹನ್ನೊಂದರ ಮೇಲೆ, ಯಾರಿಗೂ ತೊಂದರೆಯಾಗದಂತೆ ಮೇಲ್ದರ್ಜೆಯ ದನಿ ಕೇಳಬಹುದು. ಸ್ಪೀಕರುಗಳಲ್ಲಿ ಲಕ್ಷಗಟ್ಟಲೆ ಸುರಿದರೆ ಸಿಗುವ ಸ್ಪಷ್ಟತೆ ಇಲ್ಲಿ ಅದರ ಸಣ್ಣ ಪಾಲಿಗೆ ದಕ್ಕುತ್ತದೆ. ಹವ್ಯಾಸ ಹರಡಲು ಮುಖ್ಯ ಕಾರಣ ಇದೇ.

ಹೆಡ್‌ಫೋನ್ ಮೊದಲು ಹುಟ್ಟಿದ್ದು ಸಂಗೀತಕ್ಕಲ್ಲ. ದೂರವಾಣಿ ಮತ್ತು ರೇಡಿಯೊ ನಿರ್ವಾಹಕರಿಗೆ ದೂರದ ಕ್ಷೀಣ ದನಿ ಕೇಳಿಸಬೇಕಿತ್ತು. ಅಮೆರಿಕದ ಯೂಟಾ ರಾಜ್ಯದ ನಥೇನಿಯಲ್ ಬಾಲ್ಡ್‌ವಿನ್ 1910ರ ಹೊತ್ತಿಗೆ ತನ್ನ ಅಡುಗೆಮನೆಯಲ್ಲಿ ಕೂತು ಮಾಡಿದ ಹೆಡ್‌ಫೋನುಗಳನ್ನು ಅಮೆರಿಕದ ನೌಕಾಪಡೆ ಕೊಂಡುಕೊಂಡಿತು. ಬರ್ಲಿನ್ನಿನ ಬೇಯರ್ ಕಂಪನಿ 1937ರಲ್ಲಿ ಡಿಟಿ 48 ಎಂಬ ಮಾದರಿಯನ್ನು ತಂದಿತು. ಇಂದು ಅಂಗಡಿಯಲ್ಲಿ ಸಿಗುವ ಬಹುಪಾಲು ಹೆಡ್‌ಫೋನುಗಳಲ್ಲಿ ದನಿ ಹುಟ್ಟಿಸುವ ಡೈನಮಿಕ್ ಡ್ರೈವರು ಮೊದಲು ತಲೆಗೇರಿದ್ದು ಅದರಲ್ಲಿ. ಸ್ಟೀರಿಯೊ ಸಂಗೀತಕ್ಕೆಂದೇ ಹೆಡ್‌ಫೋನ್ ಮಾಡಿ ಮಾರಿದ ಕೀರ್ತಿ ಅಮೆರಿಕದ ಮಿಲ್ವಾಕಿಯ ಜಾನ್ ಕಾಸ್ ಅವರದು; ವರ್ಷ 1958. ಜರ್ಮನಿಯ ಸೆನ್‌ಹೈಸರ್ 1968ರಲ್ಲಿ ಎಚ್‌ಡಿ 414 ಎಂಬ, ಹಿಂಬದಿ ತೆರೆದಿದ್ದ, ಹಳದಿ ಸ್ಪಂಜಿನ ಹಗುರ ಮಾದರಿಯನ್ನು ಬಿಟ್ಟಿತು. ಕಿವಿಯನ್ನು ಬಿಗಿಯಾಗಿ ಮುಚ್ಚಿದರಷ್ಟೇ ಒಳ್ಳೆಯ ದನಿ ಎಂಬ ನಂಬಿಕೆ ಅಲ್ಲಿಗೆ ಸಡಿಲವಾಯಿತು.

ಬೀದಿಗೆ ಹೆಡ್‌ಫೋನ್ ಬಂದದ್ದು 1979ರ ಜುಲೈಯಲ್ಲಿ, ಸೋನಿ ವಾಕ್‌ಮನ್ ಜೊತೆಗೆ. ಅದರೊಂದಿಗೆ ಕೊಡುತ್ತಿದ್ದ ಹೆಡ್‌ಫೋನಿನ ತೂಕ ಸುಮಾರು 50 ಗ್ರಾಂ. ಆಮೇಲೆ 2001ರಲ್ಲಿ ಐಪಾಡ್ ಬಂತು. ಬಿಳಿ ವೈರಿನ ಇಯರ್‌ಫೋನ್ ಎಲ್ಲರ ಕುತ್ತಿಗೆಯಲ್ಲೂ ಕಂಡಿತು. ಐಪಾಡಿನ ಜೊತೆಗೆ ಸಿಗುವ ಇಯರ್‌ಫೋನಿಗಿಂತ ಚೆನ್ನಾಗಿರುವುದು ಯಾವುದು ಎಂಬ ಪ್ರಶ್ನೆಯೂ ಬಂತು. ಇಂದಿನ ಹವ್ಯಾಸಿಗಳಲ್ಲಿ ಬಹಳ ಮಂದಿ ಈ ಪ್ರಶ್ನೆಯ ಬಾಗಿಲಿನಿಂದಲೇ ಒಳಗೆ ಬಂದವರು.

ಇದರ ನಡುವೆ 1991 ಒಂದು ವಿಚಿತ್ರ ವರ್ಷ. ಸೋನಿಯ ಎಂಡಿಆರ್-7506 ಆಗ ಬಂತು. ಇಂದಿಗೂ ರೆಕಾರ್ಡಿಂಗ್ ಸ್ಟುಡಿಯೊಗಳಲ್ಲಿ ನೀಲಿ ಪಟ್ಟಿಯ ಆ ಹೆಡ್‌ಫೋನ್ ಕಣ್ಣಿಗೆ ಬೀಳುತ್ತದೆ. ಕಿವಿಯ ನಾಳದೊಳಗೆ ಆಳವಾಗಿ ಕೂರುವ ಎಟಿಮೋಟಿಕ್ ಇಆರ್-4 ಕೂಡ ಅದೇ ವರ್ಷದ್ದು; ಶ್ರವಣಸಾಧನದ ತಂತ್ರಜ್ಞಾನವನ್ನು ಸಂಗೀತಕ್ಕೆ ತಿರುಗಿಸಿದ ಇಯರ್‌ಫೋನ್ ಅದು. ಸೆನ್‌ಹೈಸರ್ ತನ್ನ ಆರ್ಫಿಯಸ್ ಎಂಬ ರಾಜಮರ್ಯಾದೆಯ ಹೆಡ್‌ಫೋನನ್ನು, ವಾಲ್ವ್ ಆಂಪ್ಲಿಫೈಯರ್ ಸಮೇತ, ಸುಮಾರು 300ರಷ್ಟು ಮಾತ್ರ ಮಾಡಿದ್ದೂ ಆಗಲೇ. ದುಡಿಯುವವರ ಸಾಧನ, ಕಿವಿಯೊಳಗಿನ ಸಾಧನ, ಶ್ರೀಮಂತರ ಕನಸು - ಈ ಹವ್ಯಾಸದ ಮೂರು ದಾರಿಗಳೂ ಒಂದೇ ವರ್ಷದಲ್ಲಿ ಮುಖ ತೋರಿಸಿದ್ದವು.

ಹೆಡ್‌ಫೋನಿನೊಳಗೆ ದನಿ ಹುಟ್ಟಿಸುವ ಭಾಗಕ್ಕೆ ಡ್ರೈವರ್ ಎನ್ನುತ್ತಾರೆ. ಡೈನಮಿಕ್ ಡ್ರೈವರಿನಲ್ಲಿ ತೆಳುವಾದ ಪೊರೆಗೆ ಸಣ್ಣ ತಂತಿಸುರುಳಿಯೊಂದನ್ನು ಅಂಟಿಸಿರುತ್ತಾರೆ. ಅದರ ಸುತ್ತ ಅಯಸ್ಕಾಂತ. ಸುರುಳಿಯಲ್ಲಿ ವಿದ್ಯುತ್ತು ಹರಿದಂತೆ ಅದು ಹಿಂದಕ್ಕೂ ಮುಂದಕ್ಕೂ ಓಲಾಡುತ್ತದೆ, ಪೊರೆ ಗಾಳಿಯನ್ನು ನೂಕುತ್ತದೆ. ಕಿವಿಯನ್ನು ಪೂರ್ತಿ ಆವರಿಸುವ ಮಾದರಿಗಳಲ್ಲಿ ಈ ಡ್ರೈವರಿನ ಅಗಲ ಸಾಮಾನ್ಯವಾಗಿ 40ರಿಂದ 50 ಮಿಲಿಮೀಟರ್. ಪ್ಲೇನರ್ ಮ್ಯಾಗ್ನೆಟಿಕ್ ಎಂಬ ಬಗೆಯಲ್ಲಿ ಸುರುಳಿಯ ಬದಲು ಪೊರೆಯ ತುಂಬ ಲೋಹದ ಗೆರೆಗಳನ್ನು ಹಾಸಿರುತ್ತಾರೆ, ಹಾಗಾಗಿ ಇಡೀ ಪೊರೆ ಒಟ್ಟಿಗೆ ಅಲುಗುತ್ತದೆ. ಜಪಾನಿನ ಯಮಾಹಾ 1976ರಲ್ಲಿಯೇ ಇಂಥದನ್ನು ಮಾರಿತ್ತು; ನಡುವೆ ಮಂಕಾದ ಈ ತಂತ್ರಕ್ಕೆ 2009ರ ಸುಮಾರಿಗೆ ಆಡೀಜ್, ಹೈಫೈಮ್ಯಾನ್ ಕಂಪನಿಗಳು ಮರುಜೀವ ಕೊಟ್ಟವು. ಇವುಗಳ ಬೇಸ್ ಆಳಕ್ಕಿಳಿದರೂ ಬಿಗಿ ಕಳೆದುಕೊಳ್ಳುವುದಿಲ್ಲ. ಅಯಸ್ಕಾಂತಗಳ ಭಾರ ಮಾತ್ರ ಕತ್ತಿಗೆ ತಿಳಿಯುತ್ತದೆ. ಕೆಲವು ಅರ್ಧ ಕಿಲೋ ಮೀರುತ್ತವೆ.

ಮೂರನೆಯದು ಎಲೆಕ್ಟ್ರೋಸ್ಟ್ಯಾಟಿಕ್. ಕೆಲವೇ ಮೈಕ್ರಾನ್ ದಪ್ಪದ ಪೊರೆಗೆ ನೂರಾರು ವೋಲ್ಟಿನ ಸ್ಥಿರ ವಿದ್ಯುತ್ತು ಕೊಟ್ಟು, ಎರಡು ತೂತುತಟ್ಟೆಗಳ ನಡುವೆ ಅದನ್ನು ಕುಣಿಸುತ್ತಾರೆ. ಜಪಾನಿನ ಸ್ಟ್ಯಾಕ್ಸ್ ಕಂಪನಿ 1960ರಿಂದ ಇದನ್ನೇ ವ್ರತದಂತೆ ಮಾಡಿಕೊಂಡು ಬಂದಿದೆ. ಇದಕ್ಕೆ ವಿಶೇಷ ಆಂಪ್ಲಿಫೈಯರು ಕಡ್ಡಾಯ, ಆದ್ದರಿಂದ ಜೇಬಿಗೆ ಕತ್ತರಿಯೂ ಕಡ್ಡಾಯ. ಕಿವಿಯೊಳಗೆ ಕೂರುವ ಇಯರ್‌ಫೋನುಗಳಲ್ಲಿ ಶ್ರವಣಸಾಧನಗಳಿಂದ ಬಂದ ಬ್ಯಾಲೆನ್ಸ್ಡ್ ಆರ್ಮೇಚರ್ ಎಂಬ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಡ್ರೈವರುಗಳೂ ಇರುತ್ತವೆ. ಒಂದೊಂದು ಕಿವಿಗೆ ಐದಾರು, ಹತ್ತು ಡ್ರೈವರು ತುಂಬಿ, ಆ ಸಂಖ್ಯೆಯನ್ನೇ ದೊಡ್ಡದಾಗಿ ಮುದ್ರಿಸಿ ಮಾರುವವರಿದ್ದಾರೆ. ಡ್ರೈವರುಗಳ ಸಂಖ್ಯೆಗೂ ದನಿಯ ಗುಣಕ್ಕೂ ನೇರ ಸಂಬಂಧವಿಲ್ಲ. ಒಂದೇ ಡ್ರೈವರಿನ ಇಯರ್‌ಫೋನ್ ಹತ್ತು ಡ್ರೈವರಿನದ್ದನ್ನು ಸೋಲಿಸುವುದು ಈ ಲೋಕದಲ್ಲಿ ದಿನನಿತ್ಯದ ಸಂಗತಿ.

ಡ್ರೈವರಿನ ಬಗೆಗಿಂತ ಮೊದಲು ತೀರ್ಮಾನವಾಗಬೇಕಾದದ್ದು ಹೆಡ್‌ಫೋನಿನ ಬೆನ್ನು ತೆರೆದಿರಬೇಕೋ ಮುಚ್ಚಿರಬೇಕೋ ಎಂಬುದು. ತೆರೆದ ಬೆನ್ನಿನವುಗಳಲ್ಲಿ ದನಿ ಹೊರಗೂ ಸೋರುತ್ತದೆ, ಮಿಕ್ಸಿಯ ಸದ್ದು ಒಳಗೂ ನುಗ್ಗುತ್ತದೆ. ಅದಕ್ಕೆ ಬದಲಾಗಿ ಸಂಗೀತ ತಲೆಬುರುಡೆಯೊಳಗೆ ಸೆರೆಯಾಗದೆ ಸುತ್ತ ಹರಡಿಕೊಂಡ ಅನುಭವ ಸಿಗುತ್ತದೆ. ಕಿವಿ ಬೆವರುವುದೂ ಕಡಿಮೆ. ಮುಚ್ಚಿದವು ಬಸ್ಸಿಗೆ, ಕಚೇರಿಗೆ, ರೆಕಾರ್ಡಿಂಗ್ ಮೈಕಿನ ಮುಂದೆ ಕೂರುವವರಿಗೆ ಸರಿ. ಮನೆಯಲ್ಲಿ ನಿಶ್ಶಬ್ದ ಸಿಗುವವರು ತೆರೆದ ಬೆನ್ನಿನದನ್ನು ಒಮ್ಮೆ ಕೇಳಿದರೆ ಮುಚ್ಚಿದ್ದಕ್ಕೆ ಮರಳುವುದು ಕಷ್ಟ.

ಗದ್ದಲ ಅಡಗಿಸುವ ಹೆಡ್‌ಫೋನುಗಳದ್ದು ಬೇರೆಯದೇ ಕಥೆ. ಬಂಗಾಳಿ ತಂದೆಯ ಮಗ, ಅಮೆರಿಕದ ಎಂಐಟಿಯಲ್ಲಿ ಪ್ರಾಧ್ಯಾಪಕರಾಗಿದ್ದ ಅಮರ್ ಬೋಸ್ 1978ರಲ್ಲಿ ಜ್ಯೂರಿಕ್‌ನಿಂದ ವಿಮಾನದಲ್ಲಿ ಹಿಂತಿರುಗುವಾಗ, ಎಂಜಿನಿನ ಸದ್ದಿನಲ್ಲಿ ಸಂಗೀತ ಮುಳುಗಿಹೋದುದನ್ನು ಕಂಡು ದಾರಿಯಲ್ಲೇ ಲೆಕ್ಕ ಹಾಕಲು ಕೂತರು. ಹೊರಗಿನ ಸದ್ದನ್ನು ಮೈಕಿನಿಂದ ಹಿಡಿದು, ಅದಕ್ಕೆ ತದ್ವಿರುದ್ಧವಾದ ಅಲೆಯನ್ನು ಒಳಗೆ ಬಿಟ್ಟರೆ ಎರಡೂ ಒಂದನ್ನೊಂದು ಅಳಿಸುತ್ತವೆ ಎಂಬುದು ಅದರ ತತ್ತ್ವ. ಸಾಮಾನ್ಯ ಗ್ರಾಹಕರ ಕೈಗೆ ಅದು ಬಂದದ್ದು 2000ದಲ್ಲಿ. ಎಂಜಿನ್, ಫ್ಯಾನು, ಎಸಿಯಂಥ ಕೆಳಸ್ಥಾಯಿಯ ಒಂದೇ ಸಮನಾದ ಸದ್ದಿನ ಮೇಲೆ ಈ ತಂತ್ರ ಚೆನ್ನಾಗಿ ನಡೆಯುತ್ತದೆ. ಹಿಂದಿನ ಸೀಟಿನವರ ಮಾತಿನ ಮೇಲೆ ಅಷ್ಟಾಗಿ ಇಲ್ಲ. ಪ್ರಯಾಣಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. ದನಿಯ ರುಚಿಯನ್ನೇ ಹುಡುಕುವವರು ಮಾತ್ರ ಇದೇ ಬೆಲೆಗೆ ವೈರಿನ ಹೆಡ್‌ಫೋನ್ ಕೊಳ್ಳುತ್ತಾರೆ. ವೈರ್‌ಲೆಸ್ ಪುಟ್ಟ ಇಯರ್‌ಬಡ್‌ಗಳ ಬ್ಯಾಟರಿ ಎರಡು ಮೂರು ವರ್ಷದಲ್ಲಿ ಸೊರಗುತ್ತದೆ, ಬದಲಿಸುವ ದಾರಿಯೂ ಸಾಮಾನ್ಯವಾಗಿ ಇರುವುದಿಲ್ಲ ಎಂಬುದು ಅವರ ಇನ್ನೊಂದು ತಕರಾರು. ಅದು ನ್ಯಾಯವಾದದ್ದೇ.

ಇನ್ನು ತೂಗಿ ನೋಡುವ ವಿಚಾರ. ಹೆಡ್‌ಫೋನಿನ ದನಿಯಲ್ಲಿ ಎಲ್ಲಕ್ಕಿಂತ ಹೆಚ್ಚು ತೂಕ ಇರುವುದು ಕೆಳಗಿನ, ನಡುವಿನ, ಮೇಲಿನ ಸ್ಥಾಯಿಗಳ ನಡುವಣ ಹದಕ್ಕೆ. ಮನುಷ್ಯನ ಕಿವಿ 20ರಿಂದ 20,000 ಹರ್ಟ್ಝ್‌ವರೆಗಿನ ಕಂಪನಗಳನ್ನು ಕೇಳಬಲ್ಲದು. ವಯಸ್ಸಾದಂತೆ ಮೇಲಿನ ತುದಿ ಕುಸಿಯುತ್ತದೆ. ಸುಮಾರು 250 ಹರ್ಟ್ಝ್ ಕೆಳಗಿನದನ್ನು ಬೇಸ್ ಎಂದೂ, ಅಲ್ಲಿಂದ 4,000ದವರೆಗಿನದನ್ನು ಮಿಡ್ ಎಂದೂ, ಅದರ ಮೇಲಿನದನ್ನು ಟ್ರೆಬಲ್ ಎಂದೂ ಹವ್ಯಾಸಿಗಳು ಒರಟಾಗಿ ವಿಂಗಡಿಸುತ್ತಾರೆ. ಎಲ್ಲ ಸ್ಥಾಯಿಯೂ ಸಮಸಮ ಬಂದರೆ ಆಯಿತಲ್ಲ ಎನಿಸಬಹುದು. ಅಷ್ಟು ಸರಳವಿಲ್ಲ. ಎದುರಿನಿಂದ ಬರುವ ಸದ್ದು ಕಿವಿಯ ಹಾಲೆಗೆ ತಾಗಿ, ಎರಡೂವರೆ ಸೆಂಟಿಮೀಟರಿನಷ್ಟು ಉದ್ದದ ಕಿವಿನಾಳದಲ್ಲಿ ಅನುರಣಿಸಿ ತಮಟೆಯನ್ನು ತಲುಪುವಷ್ಟರಲ್ಲಿ 3,000 ಹರ್ಟ್ಝ್ ಆಸುಪಾಸಿನ ಭಾಗ ಹತ್ತು ಡೆಸಿಬೆಲ್‌ಗೂ ಮಿಕ್ಕಿ ಏರಿರುತ್ತದೆ. ಮೆದುಳು ಹುಟ್ಟಿದಾಗಿನಿಂದ ಈ ಏರಿಕೆಗೆ ಒಗ್ಗಿಕೊಂಡಿದೆ. ಹೆಡ್‌ಫೋನ್ ಸದ್ದನ್ನು ಕಿವಿಯ ಪಕ್ಕದಲ್ಲೇ ಹುಟ್ಟಿಸುವುದರಿಂದ, ಆ ಏರಿಕೆಯನ್ನು ಅಗತ್ಯವಿದ್ದಷ್ಟು ಅದೇ ಕೂಡಿಸಿ ಕೊಡಬೇಕು. ಇಲ್ಲದಿದ್ದರೆ ಹಾಡುವವರು ಕಂಬಳಿ ಹೊದ್ದುಕೊಂಡು ಹಾಡಿದಂತೆ ಕೇಳುತ್ತದೆ.

ಎಷ್ಟು ಕೂಡಿಸಬೇಕು ಎಂಬುದಕ್ಕೆ ದಶಕಗಳ ಕಾಲ ಒಮ್ಮತವಿರಲಿಲ್ಲ. ಹಾರ್ಮನ್ ಕಂಪನಿಯ ಸಂಶೋಧಕರಾದ ಶಾನ್ ಆಲಿವ್, ಟಾಡ್ ವೆಲ್ಟಿ ಮತ್ತವರ ಸಂಗಡಿಗರು 2012ರಿಂದ ಮುಂದಕ್ಕೆ ನೂರಾರು ಕೇಳುಗರನ್ನು ಕೂರಿಸಿ ಪರೀಕ್ಷೆ ಮಾಡಿದರು. ಒಳ್ಳೆಯ ಸ್ಪೀಕರನ್ನು ಒಳ್ಳೆಯ ಕೋಣೆಯಲ್ಲಿಟ್ಟರೆ ಕಿವಿಗೆ ಏನು ತಲುಪುತ್ತದೋ, ಅದನ್ನು ಹೋಲುವ ಹೆಡ್‌ಫೋನೇ ಹೆಚ್ಚಿನವರಿಗೆ ಹಿಡಿಸುತ್ತದೆ ಎಂಬುದು ಅವರು ಕಂಡದ್ದು. ಪಳಗಿದ ಕಿವಿಯವರಿಗೂ ಸಾಮಾನ್ಯ ಕೇಳುಗರಿಗೂ ಈ ವಿಷಯದಲ್ಲಿ ದೊಡ್ಡ ಅಂತರವಿರಲಿಲ್ಲ. ಇದನ್ನು ಆಧರಿಸಿ ಎಳೆದ ಗೆರೆಗೆ ಹಾರ್ಮನ್ ಟಾರ್ಗೆಟ್ ಎಂದು ಹೆಸರಾಗಿದೆ. ಆದರೂ ಅದು ಸರ್ವರಿಗೂ ಸಲ್ಲುವ ಶಾಸನವಲ್ಲ. ಮೂರರಲ್ಲಿ ಎರಡು ಪಾಲು ಮಂದಿ ಅದರ ಹತ್ತಿರದ ದನಿಯನ್ನು ಮೆಚ್ಚಿದರೆ, ಉಳಿದವರಲ್ಲಿ ಕೆಲವರಿಗೆ ಬೇಸ್ ಇನ್ನಷ್ಟು ಬೇಕಿತ್ತು, ಕೆಲವರಿಗೆ ಅಷ್ಟು ಬೇಡವಿತ್ತು.

ಈ ಪರೀಕ್ಷೆಯ ವಿಧಾನವೇ ಒಂದು ಜಾಣ್ಮೆಯ ಕೆಲಸ. ಕಣ್ಣು ಕಟ್ಟಿದರೂ ತೂಕದಿಂದ, ಕುಶನ್ನಿನ ಸ್ಪರ್ಶದಿಂದ ಹೆಡ್‌ಫೋನ್ ಯಾವುದೆಂದು ಗೊತ್ತಾಗಿಬಿಡುತ್ತದೆ. ಹೆಸರು ಗೊತ್ತಾದೊಡನೆ ಅಭಿಪ್ರಾಯ ಅದರ ಕಡೆಗೆ ವಾಲುತ್ತದೆ. ಅದಕ್ಕಾಗಿ ಹಾರ್ಮನ್ನಿನವರು ಒಂದೇ ಹೆಡ್‌ಫೋನನ್ನು ತಲೆಗಿಟ್ಟು, ಮಿಕ್ಕವುಗಳ ದನಿಯನ್ನು, ಸ್ಥಾಯಿಗಳ ಹದ ಬದಲಿಸುವ ಈಕ್ವಲೈಸರ್ ಮೂಲಕ, ಅದರಲ್ಲೇ ನುಡಿಸಿ ಕೇಳಿಸಿದರು. ಬ್ರಾಂಡು, ಬೆಲೆ, ಚರ್ಮದ ಹೊದಿಕೆ ಎಲ್ಲ ಹಿಂದೆ ಸರಿದು ದನಿ ಮಾತ್ರ ಉಳಿಯಿತು.

ಮನೆಯಲ್ಲಿ ಹೋಲಿಸಿ ನೋಡುವವರಿಗೆ ಇಷ್ಟು ಅನುಕೂಲ ಇರುವುದಿಲ್ಲ. ಆದರೆ ಒಂದು ನಿಯಮವನ್ನು ಯಾರು ಬೇಕಾದರೂ ಪಾಲಿಸಬಹುದು: ಎರಡರ ದನಿಯ ಮಟ್ಟವೂ ಒಂದೇ ಇರಬೇಕು. ಒಂದು ಡೆಸಿಬೆಲ್‌ನಷ್ಟು ಜೋರಾದರೂ ಅದು ಜೋರು ಎಂದು ಕಿವಿಗೆ ತಿಳಿಯುವುದಿಲ್ಲ, ಚೆನ್ನಾಗಿದೆ ಎಂದು ತೋರುತ್ತದೆ. ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ತೋರಿಸಿದ ಹಾಗೆ, ಸದ್ದು ಕಡಿಮೆಯಿದ್ದಾಗ ಕಿವಿ ಬೇಸನ್ನು ಸರಿಯಾಗಿ ಹಿಡಿಯುವುದಿಲ್ಲ. ಸದ್ದು ಏರಿಸಿದಂತೆ ಬೇಸ್ ತುಂಬಿಕೊಳ್ಳುತ್ತದೆ. ಅಂಗಡಿಯಲ್ಲಿ ತುಸು ಜೋರಾಗಿ ನುಡಿದ ಹೆಡ್‌ಫೋನು ಮನೆಗೆ ಬಂದ ಮೇಲೆ ಸಪ್ಪೆ ಎನಿಸುವುದರ ಗುಟ್ಟು ಇಲ್ಲಿದೆ. ಇನ್ನೊಂದು ತೊಡಕು ನೆನಪಿನದು. ದನಿಯ ಸೂಕ್ಷ್ಮ ವಿವರ ಮನಸ್ಸಿನಲ್ಲಿ ನಿಲ್ಲುವುದು ಕೆಲವೇ ಕ್ಷಣ. ನಿನ್ನೆ ಕೇಳಿದ್ದನ್ನು ಇವತ್ತಿನದರ ಜೊತೆ ಹೋಲಿಸಿ ಬರೆದ ವಿಮರ್ಶೆಗಳನ್ನು ಉಪ್ಪು ಖಾರ ತೆಗೆದೇ ಓದಬೇಕು.

ಪರೀಕ್ಷೆಗೆ ಯಾವ ಸಂಗೀತ ಎಂಬುದಕ್ಕೆ ಉತ್ತರ, ಚೆನ್ನಾಗಿ ಪರಿಚಯವಿರುವ ಸಂಗೀತ. ವಿದೇಶಿ ವಿಮರ್ಶಕರ ಪಟ್ಟಿಯಲ್ಲಿರುವ ಜಾಝ್ ಆಲ್ಬಮ್ಮುಗಳನ್ನು ಹುಡುಕಿ ಹೊರಡಬೇಕಿಲ್ಲ. ಕರ್ನಾಟಕ ಸಂಗೀತದ ಒಂದು ಒಳ್ಳೆಯ ಧ್ವನಿಮುದ್ರಣ ಹೆಡ್‌ಫೋನಿನ ಬಂಡವಾಳವನ್ನು ಬೇಗ ಬಯಲು ಮಾಡುತ್ತದೆ. ತಂಬೂರಿಯಿಂದ ಆರಂಭಿಸಬಹುದು. ಅದರ ಬಾಗಿದ ಕುದುರೆಯೂ ತಂತಿಯಡಿ ಸಿಕ್ಕಿಸುವ ದಾರದ ಎಳೆಯೂ ಸೇರಿ, ಮೂಲಸ್ವರಕ್ಕಿಂತ ಅದರ ಮೇಲಿನ ಉಪಸ್ವರಗಳನ್ನೇ ಹೆಚ್ಚು ಮಿಡಿಸುತ್ತವೆ. ಸಿ.ವಿ. ರಾಮನ್ 1921ರಲ್ಲಿ ವೀಣೆ ಮತ್ತು ತಂಬೂರಿಯ ಈ ಕುದುರೆಯ ಬಗ್ಗೆಯೇ ಬರೆದಿದ್ದರು. ಒಂದರ ಹಿಂದೊಂದು ಅರಳುತ್ತಾ ಹೋಗುವ ಆ ಉಪಸ್ವರಗಳು ಹರಡಿಕೊಂಡಿರುವುದು ಮಿಡ್ ಮತ್ತು ಟ್ರೆಬಲ್ ಕೂಡುವ ಜಾಗದಲ್ಲಿ. ಅಲ್ಲಿ ತಗ್ಗಿರುವ ಹೆಡ್‌ಫೋನಿನಲ್ಲಿ ತಂಬೂರಿ ಮಂಕಾಗಿ ಗುಂಯ್‌ಗುಡುತ್ತದೆ. ಅಲ್ಲಿ ಉಬ್ಬಿದ್ದರೆ ತಂತಿಯ ಝರಿ ಮುಂದೆ ನುಗ್ಗಿ, ಹಿನ್ನೆಲೆಯಲ್ಲಿ ಇರಬೇಕಾದ ಶ್ರುತಿಯೇ ಕಚೇರಿ ನಡೆಸುತ್ತದೆ.

ಮೃದಂಗ ಇನ್ನೂ ಕಠಿಣ ಪರೀಕ್ಷಕ. ಬಲಗಡೆಯ ಕಪ್ಪು ಕರಣೆಯಿಂದಾಗಿ ಅದರ ನಾದದಲ್ಲಿ ಉಪಸ್ವರಗಳು ತಂತಿವಾದ್ಯದ ಹಾಗೆ ಲೆಕ್ಕಕ್ಕೆ ಸಿಗುವಂತೆ ಕೂಡುತ್ತವೆ ಎಂಬುದನ್ನು ರಾಮನ್ 1920ರಲ್ಲಿ ಶಿವಕಾಲಿ ಕುಮಾರ್ ಜೊತೆಗೂಡಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಅದೇ ವಿಷಯವನ್ನು ವಿಸ್ತಾರವಾಗಿ ಬರೆದರು. ಬೇರೆ ಬಹಳಷ್ಟು ಚರ್ಮವಾದ್ಯಗಳಿಗೆ ಇಲ್ಲದ ಶ್ರುತಿ ಮೃದಂಗಕ್ಕೆ ಬಂದದ್ದು ಹೀಗೆ. ಹಾಗಾಗಿ ಒಳ್ಳೆಯ ಹೆಡ್‌ಫೋನಿನಲ್ಲಿ ಬಲಗಡೆಯ ಪೆಟ್ಟು ಹಾಡುವವರ ಷಡ್ಜಕ್ಕೆ ಕೂಡಿದೆಯೆಂದು ಸ್ಪಷ್ಟವಾಗಿ ಕೇಳಬೇಕು. ಎಡಗಡೆಯ ಗುಮ್ಕಿಯಲ್ಲಿ ಕೈಯ ಒತ್ತಡಕ್ಕೆ ಸ್ವರ ಜಾರುವುದು ಕೇಳಬೇಕು. ಬೇಸ್ ಉಬ್ಬಿಸಿ ಮಾಡಿದ ಹೆಡ್‌ಫೋನಿನಲ್ಲಿ ಆ ಜಾರು ಕಾಣೆಯಾಗಿ, ಎಲ್ಲ ಪೆಟ್ಟುಗಳೂ ಒಂದೇ ತರದ ‘ಧಂ’ ಆಗುತ್ತವೆ. ತನಿ ಆವರ್ತನದ ಐದು ನಿಮಿಷ ಸಾಕು, ಪೆಟ್ಟಿಗೆಯ ಮೇಲೆ ಬರೆದ ಹೊಗಳಿಕೆಯೆಲ್ಲ ನಿಜವೋ ಸುಳ್ಳೋ ತಿಳಿಯಲು.

ದನಿಯ ಪರೀಕ್ಷೆಗೆ ಹಳೆಯ ಚಿತ್ರಗೀತೆಗಳೂ ಆಗುತ್ತವೆ. ಪಿ.ಬಿ. ಶ್ರೀನಿವಾಸ್ ಅವರ ತುಂಬಿದ ಕೆಳಸ್ಥಾಯಿ ಮಿಡ್ ತೆಳುವಾಗಿರುವ ಹೆಡ್‌ಫೋನಿನಲ್ಲಿ ಸೊರಗುತ್ತದೆ. ಎಸ್. ಜಾನಕಿ ಅವರ ಮೇಲಿನ ಸ್ವರಗಳು ಟ್ರೆಬಲ್ ಚೂಪಾಗಿರುವ ಕಡೆ ಕಿವಿ ಕೊರೆಯುತ್ತವೆ. ಸಾಹಿತ್ಯದಲ್ಲಿ ಸಕಾರ, ಶಕಾರ ಬಂದಾಗಲೆಲ್ಲ ಸಿಳ್ಳೆಯಂಥ ಸದ್ದು ಎದ್ದರೆ 5,000ದಿಂದ 8,000 ಹರ್ಟ್ಝ್ ನಡುವೆ ಎಲ್ಲೋ ಉಬ್ಬಿದೆ ಎಂದರ್ಥ. ಒಂದು ವಿಷಯ ಮಾತ್ರ ನೆನಪಿರಬೇಕು: ಅರವತ್ತರ ದಶಕದ ಹಾಡುಗಳು ಮಾನೊ ಮುದ್ರಣಗಳು. ಎಲ್ಲ ವಾದ್ಯಗಳೂ ನಡುನೆತ್ತಿಯಲ್ಲಿ ಗುಂಪುಗೂಡಿದಂತೆ ಕೇಳುವುದು ಮುದ್ರಣದ ಸ್ವಭಾವ, ಹೆಡ್‌ಫೋನಿನ ತಪ್ಪಲ್ಲ.

ವಾದ್ಯಗಳು ಎಡ, ಬಲ, ಹತ್ತಿರ, ದೂರ ಎಂದು ಬಿಡಿಬಿಡಿಯಾಗಿ ಕೂತಂತೆ ಕೇಳುವ ಗುಣಕ್ಕೆ ಸೌಂಡ್‌ಸ್ಟೇಜ್ ಎನ್ನುತ್ತಾರೆ. ಇದರ ಬಗ್ಗೆ ಹವ್ಯಾಸಿಗಳು ಬಹಳ ಮಾತಾಡುತ್ತಾರೆ, ಬಹಳ ಉತ್ಪ್ರೇಕ್ಷೆಯನ್ನೂ ಮಾಡುತ್ತಾರೆ. ಸ್ಪೀಕರಿನಲ್ಲಿ ಎಡಗಡೆಯ ದನಿ ಬಲಗಿವಿಗೂ ತುಸು ತಡವಾಗಿ ತಲುಪುತ್ತದೆ. ಹೆಡ್‌ಫೋನಿನಲ್ಲಿ ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ ಅಷ್ಟೇ. ಆದ್ದರಿಂದ ಎಷ್ಟು ಬೆಲೆಯ ಹೆಡ್‌ಫೋನಾದರೂ ವೇದಿಕೆಯನ್ನು ಕಣ್ಣೆದುರು ತಂದು ನಿಲ್ಲಿಸುವುದಿಲ್ಲ. ಕಿವಿಯಿಂದ ಒಂದಿಷ್ಟು ದೂರಕ್ಕೆ ಹರಡಿದರೆ ಅದೇ ದೊಡ್ಡದು.

ಇಷ್ಟೆಲ್ಲ ಸೂಕ್ಷ್ಮಗಳನ್ನು ಒಂದು ಕನ್ನಡಕದ ಕಡ್ಡಿ ಕೆಡಿಸಬಲ್ಲದು. ಮುಚ್ಚಿದ ಬೆನ್ನಿನ ಹೆಡ್‌ಫೋನಿನ ಕುಶನ್ನು ಕಿವಿಯ ಸುತ್ತ ಸಂದಿಲ್ಲದೆ ಕೂತರೆ ಮಾತ್ರ ಬೇಸ್ ನಿಲ್ಲುತ್ತದೆ. ಕಡ್ಡಿಯ ದಪ್ಪದಷ್ಟು ಸಂದಿಯಾದರೂ ಬೇಸ್ ಸೋರಿಹೋಗುತ್ತದೆ. ದಟ್ಟ ಕೂದಲು, ದೊಡ್ಡ ಓಲೆ, ಒಳಸರಿದ ದವಡೆ ಎಲ್ಲಕ್ಕೂ ಇದೇ ಪರಿಣಾಮ. ಕಿವಿಯೊಳಗಿನ ಇಯರ್‌ಫೋನುಗಳಲ್ಲಂತೂ ರಬ್ಬರ್ ಟಿಪ್ಪಿನ ಅಳತೆಯೇ ಅರ್ಧ ದನಿ. ಬೇಸೇ ಇಲ್ಲ ಎಂದು ಹಿಂತಿರುಗಿಸಲು ಹೊರಟವರು, ಪೆಟ್ಟಿಗೆಯಲ್ಲೇ ಇರುವ ಒಂದಳತೆ ದೊಡ್ಡ ಟಿಪ್ಪನ್ನು ಹಾಕಿ ನೋಡಿದರೆ ಎಷ್ಟೋ ಸಲ ದೂರು ಅಲ್ಲಿಗೇ ಮುಗಿಯುತ್ತದೆ. ಎಡಗಿವಿಗೆ ಒಂದಳತೆ, ಬಲಗಿವಿಗೆ ಇನ್ನೊಂದು ಬೇಕಾಗುವುದೂ ಅಪರೂಪವಲ್ಲ.

ಗ್ರಾಫುಗಳ ಮಾತನ್ನೂ ಈ ಹಿನ್ನೆಲೆಯಲ್ಲಿ ತೂಗಬೇಕು. ಕೃತಕ ಕಿವಿಯುಳ್ಳ ಯಂತ್ರದ ಮೇಲೆ ಹೆಡ್‌ಫೋನಿಟ್ಟು ಯಾವ ಕಂಪನಕ್ಕೆ ಎಷ್ಟು ದನಿ ಬರುತ್ತದೆಂದು ಅಳೆದು ಗೆರೆ ಎಳೆಯುತ್ತಾರೆ. ಕೊಳ್ಳುವ ಮುನ್ನ ನೋಡಬೇಕಾದ ಮೊದಲ ಸಾಕ್ಷ್ಯ ಅದು. ವಿಮರ್ಶಕರ ‘ರೇಷ್ಮೆಯಂಥ’, ‘ಜೇನಿನಂಥ’ ವಿಶೇಷಣಗಳಿಗಿಂತ ಎಷ್ಟೋ ಪಾಲು ಮೇಲು. ಆದರೆ ಸುಮಾರು 8,000 ಹರ್ಟ್ಝ್ ದಾಟಿದ ಮೇಲೆ ಯಂತ್ರದ ಕಿವಿಗೂ ಕೇಳುಗರ ಕಿವಿಗೂ ತಾಳೆ ತಪ್ಪುತ್ತದೆ. ಕಿವಿನಾಳದ ಉದ್ದ, ಹಾಲೆಯ ಮಡಿಕೆ ಒಬ್ಬೊಬ್ಬರದು ಒಂದೊಂದು ತರ. ಅಲ್ಲಿ ಕಾಣುವ ಏರಿಳಿತಗಳನ್ನು ಓದಿ ತೀರ್ಪು ಕೊಡುವುದು ತರವಲ್ಲ. ಗ್ರಾಫಿನಲ್ಲಿ ಕಂಡ ಕೊರತೆಯನ್ನು ಫೋನಿನ ಈಕ್ವಲೈಸರ್ ಆ್ಯಪಿನಲ್ಲಿ ತಿದ್ದಿಕೊಳ್ಳುವುದು ಈ ಹವ್ಯಾಸದ ಅತಿ ಅಗ್ಗದ, ಅತಿ ಫಲಕಾರಿ ವಿದ್ಯೆ. ಅದನ್ನು ಅಪಚಾರವೆಂದು ದೂರವಿಡುವ ಮಡಿವಂತರು ಮಾತ್ರ ಇನ್ನೂ ಇದ್ದಾರೆ.

ಅವರಲ್ಲಿ ಕೆಲವರ ದುಡ್ಡು ಹೋಗುವುದು ಆಂಪ್ಲಿಫೈಯರು, ಕೇಬಲ್ಲುಗಳಿಗೆ. ಆಂಪ್ಲಿಫೈಯರಿನ ಅಗತ್ಯ ಕೆಲವು ಹೆಡ್‌ಫೋನುಗಳಿಗೆ ನಿಜವಾಗಿಯೂ ಇದೆ. ಸೆನ್‌ಹೈಸರ್ ಎಚ್‌ಡಿ 600ರ ವಿದ್ಯುತ್ ರೋಧ 300 ಓಮ್. ಕೆಲವು ಬೇಯರ್ ಮಾದರಿಗಳದ್ದು 250, 600 ಓಮ್. ಇವಕ್ಕೆ ಫೋನಿನ ವೋಲ್ಟೇಜು ಸಾಲದೆ ದನಿ ಮೆಲ್ಲಗಾಗುತ್ತದೆ. ಹದಿನಾರು, ಮೂವತ್ತೆರಡು ಓಮಿನ ಇಯರ್‌ಫೋನುಗಳಿಗೆ ಕೆಲವು ನೂರು ಅಥವಾ ಒಂದೆರಡು ಸಾವಿರ ರೂಪಾಯಿಯ ಯುಎಸ್‌ಬಿ ಡಾಂಗಲ್ ಧಾರಾಳ ಸಾಕು. ಬೆಳ್ಳಿ ಕೇಬಲ್ಲಿನಿಂದ ಟ್ರೆಬಲ್ ಹೊಳೆಯುತ್ತದೆ, ತಾಮ್ರದ್ದರಿಂದ ದನಿ ಬೆಚ್ಚಗಾಗುತ್ತದೆ ಎಂಬುದು ಲೋಹದ ಬಣ್ಣ ನೋಡಿ ಹುಟ್ಟಿದ ಕಲ್ಪನೆ. ಸಿಡಿಗಿಂತ ಮೇಲಿನ ಹೈ-ರೆಸ್ ಫೈಲುಗಳ ಕಥೆಯೂ ಹೆಚ್ಚು ಬೇರೆಯಲ್ಲ. ಮೇಯರ್ ಮತ್ತು ಮೊರಾನ್ ಎಂಬಿಬ್ಬರು 2007ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಹೈ-ರೆಸ್ ಮುದ್ರಣವನ್ನು ಸಿಡಿಯ ಮಟ್ಟಕ್ಕೆ, ಎಂದರೆ 44.1 ಕಿಲೋಹರ್ಟ್ಝ್, 16 ಬಿಟ್‌ಗೆ ಇಳಿಸಿದಾಗ ಕೇಳುಗರಿಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಅವರ ಸರಿಯುತ್ತರಗಳು ಅರ್ಧಕ್ಕರ್ಧ ಮಾತ್ರ ಇದ್ದವು. ಕಣ್ಣು ಮುಚ್ಚಿ ಊಹಿಸಿದರೂ ಅಷ್ಟೇ ಬರುತ್ತಿತ್ತು. ಫೈಲಿನ ಗಾತ್ರಕ್ಕಿಂತ ಸ್ಟುಡಿಯೊದಲ್ಲಿ ಮುದ್ರಣ ಹೇಗಾಗಿದೆ ಎಂಬುದು ನೂರು ಪಾಲು ಮುಖ್ಯ.

ಬೆಲೆಯ ಬಗ್ಗೆಯೂ ಗಟ್ಟಿ ಸಾಕ್ಷ್ಯವಿದೆ. ಯೆರೂನ್ ಬ್ರೇಬಾರ್ಟ್ ಎಂಬ ಸಂಶೋಧಕ 283 ಹೆಡ್‌ಫೋನುಗಳ ಅಳತೆಗಳನ್ನು ಅವುಗಳ ಬೆಲೆಯ ಪಕ್ಕದಲ್ಲಿಟ್ಟು 2017ರಲ್ಲಿ ಪ್ರಬಂಧ ಪ್ರಕಟಿಸಿದರು; ಬೆಲೆಗೂ ಸ್ಥಾಯಿಗಳ ಹದಕ್ಕೂ ಸಂಬಂಧ ಕಾಣಲಿಲ್ಲ. ಆಮೇಲಿನ ವರ್ಷಗಳಲ್ಲಿ ಚೀನಾದ ಕಂಪನಿಗಳು ಇದನ್ನು ಮಾರುಕಟ್ಟೆಯಲ್ಲೇ ತೋರಿಸಿಕೊಟ್ಟವು. ಚೆಂಗ್ಡುವಿನ ಮೂನ್‌ಡ್ರಾಪ್‌ನಂಥವರು ಎರಡು ಮೂರು ಸಾವಿರ ರೂಪಾಯಿಗೆ ಮಾರುವ ವೈರಿನ ಇಯರ್‌ಫೋನ್, ಹದಿನೈದು ವರ್ಷಗಳ ಹಿಂದೆ ಹತ್ತು ಪಟ್ಟು ಬೆಲೆಯವು ಕೊಡುತ್ತಿದ್ದ ಹದವನ್ನು ಕೊಡುತ್ತದೆ. ಹೆಚ್ಚು ದುಡ್ಡಿಗೆ ಸಿಗುವುದು ಬೇರೆ: ಗಟ್ಟಿ ಕಟ್ಟುಮಸ್ತು, ತಲೆಗೆ ಹಿತ, ಒಂದಿಷ್ಟು ಹೆಚ್ಚಿನ ಸೂಕ್ಷ್ಮತೆ. ಹದಿನೈದು ಇಪ್ಪತ್ತು ಸಾವಿರ ದಾಟಿದ ಮೇಲೆ ಕೊಟ್ಟ ದುಡ್ಡಿಗೂ ಏರಿದ ಗುಣಕ್ಕೂ ನಡುವಿನ ಅಂತರ ಹಿಗ್ಗುತ್ತಲೇ ಹೋಗುತ್ತದೆ. ಐವತ್ತು ಸಾವಿರದ ಹೆಡ್‌ಫೋನ್ ಕೊಳ್ಳಬಾರದೆಂದಲ್ಲ. ಐದು ಸಾವಿರದ್ದರ ಹತ್ತು ಪಟ್ಟು ಸುಖ ನಿರೀಕ್ಷಿಸಬಾರದು.

ಎಷ್ಟೇ ಒಳ್ಳೆಯ ಹೆಡ್‌ಫೋನಾದರೂ ಕೇಳುವ ಮಟ್ಟಕ್ಕೆ ಮಿತಿಯುಂಟು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರಿಗೆ 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಸುರಕ್ಷಿತ. ಮಕ್ಕಳಿಗೆ ಆ ಮಟ್ಟ 75. ಪ್ರತಿ 3 ಡೆಸಿಬೆಲ್ ಏರಿಕೆಗೂ ಅವಧಿ ಅರ್ಧಕ್ಕಿಳಿಯುತ್ತದೆ. 83ರಲ್ಲಿ 20 ಗಂಟೆ, 86ರಲ್ಲಿ 10, 89ರಲ್ಲಿ 5. ಬಸ್ಸಿನ ಗದ್ದಲವನ್ನು ಮೀರಿಸಲೆಂದು ಜೋರು ಮಾಡುವವರು ಗೊತ್ತಿಲ್ಲದೆ ಈ ಕೊನೆಯ ಅಂಕಿಗಳಲ್ಲಿರುತ್ತಾರೆ. ಒಳಗಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಹೆಡ್‌ಫೋನ್ ತೆಗೆದ ಮೇಲೆ ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದರೆ ಮಿತಿ ದಾಟಿದೆ ಎಂದೇ ತಿಳಿಯಬೇಕು.

ಹೊಸದಾಗಿ ಬರುವವರು ಎರಡು ಮೂರು ಸಾವಿರದ ಒಂದು ವೈರಿನ ಇಯರ್‌ಫೋನನ್ನು ಕೊಂಡು, ತಿಂಗಳೊಪ್ಪತ್ತು ಅದರಲ್ಲೇ ಪರಿಚಯದ ಸಂಗೀತ ಕೇಳಿ, ಅದರಲ್ಲಿ ಏನು ಸಾಲದು ಎಂದು ಗೊತ್ತಾದ ಮೇಲೆ ಮುಂದಿನದಕ್ಕೆ ಕೈ ಹಾಕುವುದು ಒಳ್ಳೆಯದು. ದೊಡ್ಡ ಮಾದರಿಗಳನ್ನು ಬಳಸಿದ್ದು ಕೊಂಡರೂ ನಷ್ಟವಿಲ್ಲ, ಏಕೆಂದರೆ ವೈರಿನ ಹೆಡ್‌ಫೋನಿನ ಡ್ರೈವರು ಸುಲಭಕ್ಕೆ ಕೆಡುವುದಿಲ್ಲ. ಸವೆಯುವುದು ಕುಶನ್ನು ಮತ್ತು ಕೇಬಲ್ಲು. ಕುಶನ್ನು ಚಪ್ಪಟೆಯಾದರೆ ದನಿಯ ಹದವೇ ಬದಲಾಗುತ್ತದೆ, ಆದ್ದರಿಂದ ಹಳೆಯದನ್ನು ಕೇಳಿ ನೋಡುವಾಗ ಮೊದಲು ಕೈಯಿಂದ ಒತ್ತಿ ನೋಡಬೇಕಾದದ್ದು ಅದನ್ನು. ಬಿಡಿಭಾಗ ಸಿಗುತ್ತದೆಯೇ ಎಂದೂ ವಿಚಾರಿಸಿಕೊಳ್ಳಬೇಕು. 1997ರಲ್ಲಿ ಬಂದ ಎಚ್‌ಡಿ 600 ಇನ್ನೂ ತಯಾರಾಗುತ್ತಿದೆ. ಅದರ ಕುಶನ್ನು, ಕೇಬಲ್ಲುಗಳನ್ನು ಮನೆಯಲ್ಲೇ ಯಾವ ಉಪಕರಣವೂ ಇಲ್ಲದೆ ಬಿಚ್ಚಿ ಬದಲಿಸಬಹುದು.